ಚಕ್ರಕ್ಕೊಂದು ಕವಚ, ಕವಚಕ್ಕೊಂದು ಕೀಲು

ಗೋಕಾಕದ ಜಲಪಾತವನ್ನು ನೋಡಬೇಕೆಂದು ಮಳೆಗಾಲದಲ್ಲಿ ಘಟಪ್ರಭಾ ರೈಲು ನಿಲ್ದಾಣಕ್ಕೆ ಬಂದಿಳಿಯುವ ಪ್ರವಾಸಿಗರು, 52 ಮೀಟರು ಎತ್ತರದಿಂದ ಧುಮುಕುವ ಕೆನ್ನೀರನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಇದೇ ಸೀಮೆಗೆ ಅವರು ದೀಪಾವಳಿ ಕಳೆದ ಮೇಲೆ ಬಂದರೆ ಕಾಣುವ ನೋಟವೇ ಬೇರೆ. ಹಿಡಕಲ್ ಜಲಾಶಯದಲ್ಲಿ ನಿಂತ ನೀರು ಕಾಲುವೆಗಳ ದಾರಿಯಿಂದ ಹೊಲಗಳನ್ನು ಸೇರಿ, ಆಳೆತ್ತರದ ಕಬ್ಬಾಗಿ ಬೆಳೆದಿರುತ್ತದೆ; ಆ ಕಬ್ಬು ಟ್ರ್ಯಾಕ್ಟರಿನ ಬೆನ್ನು ಹತ್ತಿ ಸಕ್ಕರೆ ಕಾರಖಾನೆಯ ಕಡೆಗೆ ಹೊರಟಿರುತ್ತದೆ. ಎರಡೆರಡು ಟ್ರೇಲರುಗಳ ತುಂಬ ಕಬ್ಬು, ಎಂಜಿನ್ನಿನ ಮೇಲೆ ಬಣ್ಣದ ಗೊಂಡೆಗಳು, ಮುಂದೆ ಮನೆದೇವರ ಹೆಸರು, ಮೈಲು ದೂರಕ್ಕೆ ಕೇಳುವ ಹಾಡು! ಈ ವೈಭವವನ್ನು ನೋಡದವರಿಲ್ಲ. ಆದರೆ ಹಿಂದಿನ ದೊಡ್ಡ ಚಕ್ರಗಳ ಮೇಲೆ ಕೊಡೆಯಂತೆ ಬಾಗಿರುವ ತಗಡನ್ನು, ಅದನ್ನು ಹಿಡಿದು ನಿಲ್ಲಿಸಿರುವ ನಾಲ್ಕಾರು ಬೋಲ್ಟುಗಳನ್ನು ದಿಟ್ಟಿಸಿ ನೋಡಿದವರು ಎಷ್ಟು ಮಂದಿ?

ನಾನಂತೂ ನೋಡಿದವನಲ್ಲ. ಏಳನೆಯ ಇಯತ್ತೆಯ ರಜೆಯಲ್ಲಿ ಸೋದರಮಾವನ ಊರಿಗೆ ಹೋದಾಗ ಆ ತಗಡು, ಎಂದರೆ ಮಡ್‌ಗಾರ್ಡು, ನನ್ನ ಸಿಂಹಾಸನವಾಗಿತ್ತು. ಮಾವ ಚಕ್ರ ಹಿಡಿದು ಕುಳಿತರೆ ಎಡಗಡೆಯ ಮಡ್‌ಗಾರ್ಡಿನ ಮೇಲೆ ನಾನು. ಅಲ್ಲಿಂದ ಕಾಣುತ್ತಿದ್ದ ಲೋಕದ ಸೊಗಸೇ ಸೊಗಸು. ಒಂದು ಸಂಜೆ ಕಬ್ಬಿನ ಹೊಲದಿಂದ ಬರುವಾಗ ಬದುವಿನ ತಗ್ಗಿಗೆ ಚಕ್ರ ಇಳಿದು ಟ್ರ್ಯಾಕ್ಟರು ಒಮ್ಮೆ ಹೊಯ್ದಾಡಿತು. ಮರುಕ್ಷಣವೇ ನನ್ನ ಆಸನ ಒಳಮುಖವಾಗಿ ವಾಲಿತು. ಕೆಳಗೆ ಕರಕರನೆ ಸದ್ದು. ಮಾವ ಬ್ರೇಕು ತುಳಿದು ನನ್ನ ತೋಳನ್ನು ಹಿಡಿದೆಳೆಯದಿದ್ದರೆ ಈ ಲೇಖನವನ್ನು ಬರೆಯುವವರು ಯಾರೂ ಇರುತ್ತಿರಲಿಲ್ಲ. ಜಾರಿ ಬಿದ್ದ ನನ್ನ ಒಂದು ಚಪ್ಪಲಿಯನ್ನು ಚಕ್ರದ ಹಲ್ಲುಗಳು ಕಚ್ಚಿ ಸೀಳಿಹಾಕಿದ್ದವು.

ಊರಿನ ಫಿಟ್ಟರ್ ಕಾಕಾ ಬಂದು, ಮಣ್ಣನ್ನು ಕೆರೆದು ಬಹಳ ಹೊತ್ತು ನೋಡಿದರು. ಒಂದು ಬೋಲ್ಟು ಇರಲೇ ಇಲ್ಲ. ಇನ್ನೊಂದು ಬೆರಳಿನಿಂದ ತಿರುವಿದರೆ ತಿರುಗುತ್ತಿತ್ತು. ಅವರು ಮಾವನಿಗೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

“ಗೌಡ್ರ, ಬೋಲ್ಟ ಮುರದಿಲ್ಲ, ಬಿಚ್ಚಿ ಬಿದ್ದೈತಿ. ಮುರದ್ರ ಕಬ್ಬಿಣದ ತಪ್ಪು, ಬಿಚ್ಚಿದ್ರ ನಮ್ಮ ತಪ್ಪು.”

“ದಿನಾ ಅದನ್ಯಾರು ನೋಡ್ಕೋತ ಕುಂಡ್ರತಾರೋ ಮಾರಾಯಾ?” ಎಂದರು ಮಾವ.

“ಎತ್ತ ಇದ್ದಾಗ ಅದರ ಕಾಲಾಗ ಮುಳ್ಳ ಐತೇನಂತ ದಿನಾ ನೋಡ್ತಿದ್ರಿಲ್ಲೋ? ಹಂಗ ಇದನ್ನೂ ನೋಡ್ರಿ.”

ಕಾಕಾನ ಮಾತಿನ ಹಿಂದಿದ್ದ ಶಾಸ್ತ್ರ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರಿಂದ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದು ಕೊರೆದಿರುವುದುಂಟು. ಮೊದಲ 8ರ ಅರ್ಥ, ಅದರ ಒಂದೊಂದು ಚದರ ಮಿಲಿಮೀಟರೂ ಹರಿಯುವ ಮುನ್ನ 800 ನ್ಯೂಟನ್, ಎಂದರೆ ಸುಮಾರು 80 ಕಿಲೋ ಭಾರದ ಸೆಳೆತವನ್ನು ತಾಳಬಲ್ಲದೆಂಬುದು. ಎರಡನೆಯ 8, ಆ ಬಲದ ಹತ್ತರಲ್ಲಿ ಎಂಟು ಪಾಲಿನವರೆಗೆ ಎಳೆದರೂ ಅದು ಮತ್ತೆ ಮೊದಲಿನ ಉದ್ದಕ್ಕೆ ಮರಳುವುದೆಂಬುದನ್ನು ಸೂಚಿಸುತ್ತದೆ. ಈ ಲೆಕ್ಕದಂತೆ 12 ಮಿಲಿಮೀಟರಿನ ಒಂದು ಬೋಲ್ಟನ್ನು ಎಳೆದು ಹರಿಯಬೇಕಾದರೆ ಆರೂವರೆ ಟನ್ನಿಗೂ ಹೆಚ್ಚಿನ ಭಾರ ಬೇಕು. ಒಬ್ಬ ಹುಡುಗನ ಭಾರ ಅದಕ್ಕೆ ಯಾವ ಲೆಕ್ಕ!

ಹಾಗಾದರೆ ಅದು ಸೋಲುವುದೆಲ್ಲಿ? ಪಾನಾ ಹಾಕಿ ನಟ್ಟನ್ನು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ; ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸಿ ಎರಡು ತಗಡುಗಳನ್ನು ಒತ್ತಿ ಹಿಡಿಯುತ್ತದೆ. ಜೋಡಣೆಯ ಬಲವೆಲ್ಲ ಈ ಒತ್ತಡದಲ್ಲಿಯೂ ಅದರಿಂದ ಹುಟ್ಟುವ ಘರ್ಷಣೆಯಲ್ಲಿಯೂ ಇದೆ. ತಗಡುಗಳು ಒಂದರ ಮೇಲೊಂದು ಅಡ್ಡಡ್ಡಲಾಗಿ ಕೂದಲೆಳೆಯಷ್ಟು ಸರಿದಾಡತೊಡಗಿದರೆ ಆ ಘರ್ಷಣೆ ಕ್ಷಣಕ್ಷಣಕ್ಕೂ ಸಡಿಲಿ, ನಟ್ಟು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಉದ್ದುದ್ದಕ್ಕೆ ಬೀಳುವ ಕುಲುಕಿಗಿಂತ ಈ ಅಡ್ಡ ಕುಲುಕು ಬಹು ಹೆಚ್ಚು ಅಪಾಯಕಾರಿ ಎಂಬುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು 1969ರಲ್ಲಿ ಪ್ರಯೋಗ ಮಾಡಿ ತೋರಿಸಿದನು. ಸಾದಾ ಸ್ಪ್ರಿಂಗ್ ವಾಷರು ಹಾಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಒಳಗೆ ನೈಲಾನಿನ ಬಳೆಯುಳ್ಳ ನಟ್ಟು ಇದಕ್ಕಿಂತ ಲೇಸು. ಅದು ಸಡಿಲಾದರೂ ಕಳಚಿ ಬೀಳಲು ಬೇಗ ಒಪ್ಪುವುದಿಲ್ಲ.

ಈಗ ನಮ್ಮ ಭಾಗದ ಎರೆಭೂಮಿಯನ್ನು ನೆನೆಯಿರಿ. ಮಳೆ ಬಿದ್ದರೆ ಉಬ್ಬಿ ಅಂಟಾಗುವ, ಬಿಸಿಲು ಬಿದ್ದರೆ ಬಿರಿದು ಕಲ್ಲಾಗುವ ಮಣ್ಣು ಅದು. ಚಕ್ರಕ್ಕೂ ತಗಡಿಗೂ ನಡುವಿನ ಸಂದಿಯಲ್ಲಿ ಈ ಮಣ್ಣು ಮೆತ್ತಿ, ಒಣಗಿ, ತಗಡನ್ನು ಒಳಗಿನಿಂದ ನೂಕುತ್ತದೆ. ಅದರ ತೇವಕ್ಕೆ ಬೋಲ್ಟಿನ ಸುತ್ತ ತುಕ್ಕು ಹಿಡಿದು, ತೂತು ದಿನೇ ದಿನೇ ಅಗಲವಾಗುತ್ತದೆ. ಅದಕ್ಕೇ ತೆಳು ತಗಡಿಗೆ ಅಗಲವಾದ ವಾಷರು ಹಾಕುವುದು. ದಾರಿಯೇ ಇಲ್ಲದಲ್ಲಿ ಓಡಾಡುವ ಬಂಡಿಗೆ ಅಡ್ಡ ಕುಲುಕಿಗೇನು ಕೊರತೆ! ಇಷ್ಟರ ಮೇಲೆ ಮನುಷ್ಯನೊಬ್ಬನು ಅದರ ಮೇಲೆ ಕುಳಿತನೆಂದರೆ, ಕೆಸರನ್ನು ತಡೆಯಲು, ಚಾಲಕನ ಮೈಗೆ ಚಕ್ರ ತಾಗದಂತೆ ಕಾಯಲು ಮಾಡಿದ ಕವಚವನ್ನು ನಾವು ಕುರ್ಚಿಯಾಗಿ ಮಾಡಿದಂತಾಯಿತು.

ಚಕ್ರದ ವೇಗವನ್ನೂ ಗಮನಿಸಬೇಕು. ಗಂಟೆಗೆ 20 ಕಿಲೋಮೀಟರು ಎಂದರೆ ನಮಗೆ ಮಂದಗತಿ. ಆದರೆ ಆಗ ಟಯರಿನ ಅಂಚು ಮಡ್‌ಗಾರ್ಡಿನ ಕೆಳಗೆ ಸೆಕೆಂಡಿಗೆ ಐದೂವರೆ ಮೀಟರು ಸಾಗುತ್ತಿರುತ್ತದೆ. ಸೀರೆಯ ಸೆರಗೋ ಧೋತರದ ಚುಂಗೋ ಹಲ್ಲಿಗೆ ಸಿಕ್ಕರೆ, “ಅಯ್ಯೋ” ಎನ್ನುವಷ್ಟರಲ್ಲಿ ಅದು ಎರಡು ಮೂರು ಮೀಟರು ಒಳಗೆ ಹೋಗಿರುತ್ತದೆ. ಟ್ರ್ಯಾಕ್ಟರಿನ ಮೇಲೆ ಚಾಲಕನಲ್ಲದೆ ಬೇರೆ ಯಾರನ್ನೂ ಕರೆದೊಯ್ಯಬಾರದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಆದರೂ ಕಬ್ಬಿನ ಹಂಗಾಮಿನಲ್ಲಿ, ಜಾತ್ರೆಯ ದಿನಗಳಲ್ಲಿ, ಎರಡೂ ಬದಿಯ ಮಡ್‌ಗಾರ್ಡುಗಳು ಖಾಲಿ ಇರುವುದು ಅಪರೂಪ. ಪಟ್ಟಣದಿಂದ ಹೋದ ನಮ್ಮ ಮಕ್ಕಳೂ ಅಲ್ಲಿಯೇ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾವೂ ನಗುತ್ತ ತೆಗೆಯುತ್ತೇವೆ.

ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಇಂಥ ಸಣ್ಣ ವಸ್ತುವಿನ ಬೆಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಬೆರಳುದ್ದದ ಕಡೆಗೀಲನ್ನು ನೋಡದೆ ಯಾರೂ ಬಂಡಿ ಹೂಡುತ್ತಿರಲಿಲ್ಲ. ದೇಹವನ್ನೇ ಬಂಡಿಯೆಂದು ಬಗೆದ ಜೇಡರ ದಾಸಿಮಯ್ಯನಿಗೆ ಶರಣರ ಮಾತಿನ ಮಹಿಮೆಯನ್ನು ಹೇಳಲು ದೊರೆತ ಹೋಲಿಕೆಯೂ ಈ ಕಡೆಗೀಲೇ. ಎತ್ತು ಹೋಗಿ ಎಂಜಿನ್ನು ಬಂದಿತು. ಕಡೆಗೀಲು ಹೋಗಿ ಬೋಲ್ಟು ಬಂದಿತು. ಆದರೆ ಹೂಡುವ ಮುನ್ನ ಒಮ್ಮೆ ಬಾಗಿ ನೋಡುವ ಆ ಹಳೆಯ ವಾಡಿಕೆ ಮಾತ್ರ ಎಲ್ಲಿಯೋ ನಡುದಾರಿಯಲ್ಲಿ ಕಳಚಿಬಿದ್ದಿತು.

ಅದನ್ನು ಮರಳಿ ತರಲು ಹೆಚ್ಚಿನ ಖರ್ಚಿಲ್ಲ. ಬಿಗಿದ ನಟ್ಟಿನ ಮೇಲಿನಿಂದ ಪಕ್ಕದ ತಗಡಿನವರೆಗೆ ಬಣ್ಣದ ಒಂದು ಗೆರೆ ಎಳೆದರಾಯಿತು. ಮನೆಯಲ್ಲಿ ಉಗುರಿಗೆ ಹಚ್ಚುವ ಬಣ್ಣವಿದ್ದರೂ ಸಾಕು. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಓದುಬರಹ ಬಾರದವರಿಗೂ ಅದು ಒಡನೆ ತಿಳಿಯುತ್ತದೆ.

ಕಳೆದ ಹಂಗಾಮಿನಲ್ಲಿ ಮಾವನ ಮನೆಗೆ ಹೋಗಿದ್ದೆ. ಈಗ ಟ್ರ್ಯಾಕ್ಟರು ಮಾವನ ಮಗನ ಕೈಯಲ್ಲಿದೆ. ಮಡ್‌ಗಾರ್ಡಿನ ಒಂದೊಂದು ನಟ್ಟಿಗೂ ಕೆಂಪು ಗೆರೆ. ನನ್ನ ಎಂಟು ವರ್ಷದ ಮಗ ಆ ತಗಡನ್ನು ಹತ್ತಲು ಹಟ ಹಿಡಿದ. ವಯಸ್ಸಾದ ಮಾವ ಏನೂ ಗದರಲಿಲ್ಲ. ಒಳಗೆ ಹೋಗಿ, ಮಾಡದಲ್ಲಿ ಇಷ್ಟು ವರ್ಷ ಇಟ್ಟಿದ್ದ ಒಂದು ಸೀಳಿದ ಚಪ್ಪಲಿಯನ್ನು ತಂದು ಅವನ ಕೈಗೆ ಕೊಟ್ಟರು.

“ಇದು ಯಾರದಪಾ ಗೊತ್ತೈತೇನು? ನಿಮ್ಮಪ್ಪಂದು.”

ಮಗ ಒಮ್ಮೆ ಚಪ್ಪಲಿಯನ್ನು, ಒಮ್ಮೆ ನನ್ನ ಕಾಲನ್ನು ನೋಡಿದ. ಆಮೇಲೆ ಹೊಲಕ್ಕೆ ನನ್ನ ಕೈ ಹಿಡಿದು ನಡೆದೇ ಬಂದ.