ಬಳಸಿದ ಎಂಜಿನ್ ಎಣ್ಣೆಯ ಸಂಗ್ರಹವೂ ಸಂರಕ್ಷಣೆಯೂ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳ ಒಕ್ಕಲುತನದಲ್ಲಿ ಎತ್ತುಗಳ ಕೆಲಸದ ಬಹುಭಾಗವನ್ನು ಈಗ ಟ್ರ್ಯಾಕ್ಟರು ವಹಿಸಿಕೊಂಡಿರುತ್ತದೆ. ಎತ್ತಿನ ಸಗಣಿಯು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಟ್ರ್ಯಾಕ್ಟರಿನಿಂದ ಇಳಿಸಿದ ಕರಿಯ ಎಣ್ಣೆಯಾದರೋ ಹೊಲಕ್ಕೂ ಒಲೆಗೂ ಸಲ್ಲದ ವಸ್ತುವು. ಆದಾಗ್ಯೂ ಅದನ್ನು ಬದುವಿನ ಮೇಲೆ ಚೆಲ್ಲುವವರೂ, ಬಚ್ಚಲೊಲೆಯ ಕಟ್ಟಿಗೆಯ ಮೇಲೆ ಸುರಿದು ಸ್ನಾನದ ನೀರು ಕಾಯಿಸುವವರೂ ಉಂಟು. ಈ ಎರಡು ರೂಢಿಗಳಿಂದಲೂ ಆಗುವ ಹಾನಿಯನ್ನು ಊರ ಮುಖಂಡರು ಅರಿತಿರುವುದು ಅವಶ್ಯ.

ಎಣ್ಣೆಯ ಪ್ರಮಾಣವೂ ಗುಣವೂ

ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಯನ್ನು ಸಾಮಾನ್ಯವಾಗಿ ೨೫೦ ತಾಸುಗಳ ದುಡಿಮೆಗೊಮ್ಮೆ ಬದಲಿಸುವರು. ೭ ಲೀಟರು ಎಣ್ಣೆ ಹಿಡಿಯುವ ಯಂತ್ರವು ವರ್ಷಕ್ಕೆ ೫೦೦ ತಾಸು ದುಡಿದರೆ ೧೪ ಲೀಟರು ಹಳೆಯ ಎಣ್ಣೆಯು ಹೊರಬೀಳುವುದು. ಇಂತಹ ೧೫ ಟ್ರ್ಯಾಕ್ಟರುಗಳುಳ್ಳ ಊರಿನಲ್ಲಿ ವರ್ಷಕ್ಕೆ ೨೧೦ ಲೀಟರು, ಅಂದರೆ ಒಂದು ಬ್ಯಾರಲಿಗೂ ಮಿಕ್ಕಿದ ಎಣ್ಣೆಯು ಕೂಡುವುದು.

ಎಣ್ಣೆಯು ಬಳಕೆಯಿಂದ ಸವೆದುಹೋಗುವುದಿಲ್ಲ, ಮಲಿನವಾಗುವುದು. ಯಂತ್ರದ ಸವೆತದಿಂದ ಬಂದ ಲೋಹದ ಕಣಗಳು, ಮಸಿ, ನೀರು ಮತ್ತು ಸುಡದೆ ಉಳಿದ ಡೀಸೆಲ್ ಅದರಲ್ಲಿ ಸೇರುವುವು. ಇವುಗಳನ್ನು ಬೇರ್ಪಡಿಸಿ, ಬಟ್ಟಿಯಿಳಿಸಿ ಶುದ್ಧಿಮಾಡಿದರೆ ಅದರಿಂದ ಮರಳಿ ಹೊಸ ಎಂಜಿನ್ ಎಣ್ಣೆಯನ್ನು ತಯಾರಿಸಬಹುದು.

ಒಲೆಯಲ್ಲಿ ಉರಿಸಿದರೆ

ಬಚ್ಚಲೊಲೆಯ ಉರಿಯ ತಾಪವು ಈ ಎಣ್ಣೆಯನ್ನು ಪೂರ್ಣವಾಗಿ ಸುಡಲು ಸಾಲದು. ಲೋಹಗಳಂತೂ ಎಷ್ಟು ಸುಟ್ಟರೂ ನಾಶವಾಗತಕ್ಕವಲ್ಲ. ಅವುಗಳಲ್ಲಿ ಕೆಲವಂಶವು ಹೊಗೆಯೊಡನೆ ಒಲೆಯ ಮುಂದೆ ಕುಳಿತ ಹೆಂಗಸರ ಮತ್ತು ಮಕ್ಕಳ ಶ್ವಾಸಕೋಶವನ್ನು ಸೇರುವುದು. ಉಳಿದುದು ಬೂದಿಯಲ್ಲಿ ನಿಂತು, ತಿಪ್ಪೆಯ ಮೂಲಕ ಹೊಲವನ್ನು ಸೇರುವುದು. ನೀರು ಬೆರೆತ ಎಣ್ಣೆಯು ಕಾದೊಡನೆ ಸಿಡಿಯುವುದು. ಪೆಟ್ರೋಲ್ ಬೆರೆತಿದ್ದರೆ ಉರಿಯು ಒಮ್ಮೆಲೇ ಭುಗಿಲೆದ್ದು ಪ್ರಾಣಾಪಾಯವೂ ಸಂಭವಿಸಬಹುದು.

ಅಮೇರಿಕದ ಚಳಿಯ ಪ್ರಾಂತಗಳಲ್ಲಿ ಕೊಠಡಿಗಳನ್ನು ಬೆಚ್ಚಗಿಡಲು ಹಳೆಯ ಎಣ್ಣೆಯನ್ನುರಿಸುವ ವಿಶೇಷ ಯಂತ್ರಗಳುಂಟು. ಅಲ್ಲಿಯೂ ಯಂತ್ರದ ಶಕ್ತಿಗೆ ಮಿತಿಯನ್ನು ವಿಧಿಸಿ, ಹೊಗೆಯು ಕಟ್ಟಡದ ಹೊರಕ್ಕೇ ಹೋಗಬೇಕೆಂದು ಕಟ್ಟಳೆ ಮಾಡಿರುವರು. ನಮ್ಮ ತೆರೆದ ಒಲೆಗಳನ್ನು ಅವುಗಳಿಗೆ ಹೋಲಿಸಲಾಗದು. ನೀರು ಕಾಯಿಸಲು ಚೆನ್ನಾಗಿ ಒಣಗಿದ ಹತ್ತಿಕಟ್ಟಿಗೆಯೇ ಸಾಕು. ಅನುಕೂಲವುಳ್ಳವರು ಸೌರಶಕ್ತಿಯ ಉಪಕರಣವನ್ನು ಹಾಕಿಸಬಹುದು.

ನೆಲಕ್ಕೆ ಚೆಲ್ಲಿದರೆ

ಎಣ್ಣೆಯು ಮಣ್ಣಿನ ಕಣಗಳನ್ನು ಮುಚ್ಚಿ, ಬೇರುಗಳಿಗೆ ಗಾಳಿಯೂ ನೀರೂ ದೊರೆಯದಂತೆ ಮಾಡುವುದು. ಈ ಭಾಗದ ಎರೆ ಭೂಮಿಯು ಬೇಸಿಗೆಯಲ್ಲಿ ಆಳವಾಗಿ ಬಿರಿಯುವುದರಿಂದ, ಚೆಲ್ಲಿದ ಎಣ್ಣೆಯು ಆ ಬಿರುಕುಗಳಲ್ಲಿ ಕೆಳಗಿಳಿಯುವುದು. ಮಳೆಯ ನೀರಿನೊಡನೆ ಅದು ಹಳ್ಳವನ್ನೂ ಕೆರೆಯನ್ನೂ ಸೇರಬಹುದು. ಇಂತಹ ಎಣ್ಣೆಯನ್ನು ನೆಕ್ಕಿದ ದನಗಳು ಸೀಸದ ವಿಷಕ್ಕೆ ತುತ್ತಾದುದನ್ನು ಪಶುವೈದ್ಯರು ಹಲವು ದೇಶಗಳಲ್ಲಿ ಕಂಡಿರುವರು.

ಸಂಗ್ರಹಿಸುವ ಕ್ರಮ

೧. ಯಂತ್ರವನ್ನು ನಿಲ್ಲಿಸಿ, ಎಣ್ಣೆಯು ಕೈ ಸುಡದಷ್ಟು ಆರಿದ ಬಳಿಕ, ಅಗಲವಾದ ಪಾತ್ರೆಯಲ್ಲಿ ಇಳಿಸಿಕೊಳ್ಳತಕ್ಕದ್ದು. ಕೆಲಸವಾದೊಡನೆ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು.

೨. ಒಣಗಿದ, ಬಿಗಿಯಾದ ಮುಚ್ಚಳವುಳ್ಳ ಕ್ಯಾನಿನಲ್ಲಿ ತುಂಬತಕ್ಕದ್ದು. ಕೀಟನಾಶಕವಿದ್ದ ಡಬ್ಬಿಗಳನ್ನೂ, ಅಡಿಗೆಯೆಣ್ಣೆಯ ಡಬ್ಬಿಗಳನ್ನೂ ಉಪಯೋಗಿಸಲಾಗದು.

೩. ನೀರು, ಪೆಟ್ರೋಲ್, ಡೀಸೆಲ್, ಬ್ರೇಕ್ ಎಣ್ಣೆ, ರೇಡಿಯೇಟರಿನ ದ್ರವ ಇವಾವುಗಳನ್ನೂ ಬೆರೆಸಲಾಗದು. ಬೆರೆತ ಎಣ್ಣೆಯನ್ನು ಶುದ್ಧಿಮಾಡುವುದು ಕಷ್ಟ.

೪. ಕ್ಯಾನಿನ ಮೇಲೆ "ಬಳಸಿದ ಎಂಜಿನ್ ಎಣ್ಣೆ" ಎಂದು ದಪ್ಪಕ್ಷರಗಳಲ್ಲಿ ಬರೆಯತಕ್ಕದ್ದು.

೫. ಬಣವೆ, ದನದ ಕೊಟ್ಟಿಗೆ, ಬಾವಿ ಮತ್ತು ಒಲೆಗಳಿಂದ ದೂರವಾಗಿ, ನೆರಳಿನಲ್ಲಿ, ಗಚ್ಚಿನ ನೆಲದ ಮೇಲೆ ಇಡತಕ್ಕದ್ದು. ಸಮೀಪದಲ್ಲಿ ಒಣ ಮರಳಿನ ಬುಟ್ಟಿಯಿದ್ದರೆ, ಚೆಲ್ಲಿದ ಎಣ್ಣೆಯನ್ನು ಹೀರಿಸಲು ಅನುಕೂಲ.

ಮುಖಂಡರ ಕರ್ತವ್ಯ

ಭಾರತ ಸರಕಾರದ ೨೦೧೬ನೆಯ ಇಸವಿಯ ನಿಯಮಗಳಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿಸಲಾಗಿದೆ. ೨೦೨೩ರಲ್ಲಿ ಮಾಡಿದ ತಿದ್ದುಪಡಿಯು ೨೦೨೪ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದು, ಎಣ್ಣೆಯನ್ನು ತಯಾರಿಸುವವರ ಮೇಲೆಯೇ ಅದರ ಮರುಶುದ್ಧೀಕರಣದ ಹೊಣೆಯನ್ನು ಹೊರಿಸಿರುತ್ತದೆ. ಆದುದರಿಂದ ಗುರುತಿಲ್ಲದ ವ್ಯಾಪಾರಿಗೆ ಅದನ್ನು ಮಾರುವುದು ವಿಹಿತವಲ್ಲ. ಅದೇ ಎಣ್ಣೆಯು ಸೋಸಲ್ಪಟ್ಟು, ಹೊಸ ಡಬ್ಬಿಯಲ್ಲಿ ಮರಳಿ ಬಂದು, ಕೊಂಡವನ ಯಂತ್ರವನ್ನೇ ಕೆಡಿಸುವ ಭಯವುಂಟು.

ಒಬ್ಬೊಬ್ಬರ ಮನೆಯ ಹತ್ತಾರು ಲೀಟರು ಎಣ್ಣೆಗಾಗಿ ಶುದ್ಧೀಕರಣದವರು ಹಳ್ಳಿಗೆ ಬರಲಾರರು. ಊರೆಲ್ಲ ಕೂಡಿದರೆ ಬರಲು ಆಸ್ಪದವುಂಟು. ಗ್ರಾಮ ಪಂಚಾಯಿತಿಯವರಾಗಲಿ, ಸಹಕಾರಿ ಸಂಘದವರಾಗಲಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಮೊದಲು ವಿಚಾರಿಸಿ, ಅದರ ಅಪ್ಪಣೆಯಂತೆ ಸಂಗ್ರಹದ ಏರ್ಪಾಡು ಮಾಡಿ, ಅಧಿಕೃತ ಶುದ್ಧೀಕರಣದವರಿಗೇ ಒಪ್ಪಿಸಿ ರಸೀದಿಯನ್ನು ಪಡೆಯತಕ್ಕದ್ದು.

ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಒಕ್ಕಲಿಗರು ಕೂಡಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಹಣವನ್ನು ಕೂಡಿಡಲು ಕಲಿತ ಈ ನಾಡಿನವರಿಗೆ ಎಣ್ಣೆಯನ್ನು ಕೂಡಿಡುವುದು ಅಸಾಧ್ಯವಲ್ಲ. ಮುಂಗಾರಿನ ಉಳುಮೆಗಾಗಿ ಎಣ್ಣೆ ಬದಲಿಸುವುದಕ್ಕೆ ಮುಂಚೆಯೇ ಈ ವ್ಯವಸ್ಥೆಯು ಸಿದ್ಧವಾದರೆ, ಆ ವರ್ಷದ ಎಣ್ಣೆಯು ಕೆರೆಯ ನೀರನ್ನಾಗಲಿ ಮನೆಯ ಗಾಳಿಯನ್ನಾಗಲಿ ಕೆಡಿಸದು.