ಡಿಲ್ಯಾಪಿಡೇಟ್ ಅಂದ್ರೆ ಏನು? ಬಂದಳಿಕೆಗೆ ಹೋದ್ರೆ ಗೊತ್ತಾಗುತ್ತೆ

‘ಡಿಲ್ಯಾಪಿಡೇಟೆಡ್ ಬಿಲ್ಡಿಂಗ್’ ಅಂತ ಪೇಪರ್‌ನಲ್ಲಿ ಓದಿರ್ತೀರಿ. ಆದರೆ ‘ಡಿಲ್ಯಾಪಿಡೇಟ್’ ಅನ್ನೋ ಕ್ರಿಯಾಪದವನ್ನು ಯಾರಾದರೂ ಬಳಸಿದ್ದು ಕೇಳಿದ್ದೀರಾ? ಅಪರೂಪ.

ಹದಿನಾರನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದದ ಬೇರು ಲ್ಯಾಟಿನ್. ‘ಲ್ಯಾಪಿಸ್’ ಅಂದ್ರೆ ಕಲ್ಲು, ‘ಡಿಸ್’ ಅಂದ್ರೆ ಬೇರೆ ಬೇರೆಯಾಗಿ. ಎರಡೂ ಸೇರಿದರೆ ಕಲ್ಲುಗಳನ್ನು ಚೆದುರಿಸುವುದು. ದುಂದುವೆಚ್ಚ ಮಾಡಿ ಆಸ್ತಿ ಕರಗಿಸುವುದಕ್ಕೂ ರೋಮನ್ನರು ಇದೇ ಪದ ಬಳಸುತ್ತಿದ್ದರು.

ಅರ್ಥವನ್ನು ಕಣ್ಣಾರೆ ನೋಡಬೇಕಾ? ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋಗಿ. ಇದು ನಾಗರಖಂಡದ ಹಳೆಯ ಪಟ್ಟಣ, ಶಾಸನಗಳ ಬಾಂಧವಪುರ. ಹತ್ತನೇ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದ ಜಕ್ಕಿಯಬ್ಬೆ ಸಲ್ಲೇಖನ ವ್ರತ ಹಿಡಿದದ್ದು ಇಲ್ಲೇ. ಶಾಂತಿನಾಥ ಬಸದಿ, ಸೋಮೇಶ್ವರ ಗುಡಿ, ತ್ರಿಮೂರ್ತಿ ನಾರಾಯಣ ಗುಡಿ ಇಂದಿಗೂ ನಿಂತಿವೆ. ಇವೆಲ್ಲ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗುಡಿಗಳು. ಸಂದಿಯಲ್ಲಿ ಒಂದು ಬೇರು ಇಳಿದರೆ ಸಾಕು, ಬೆಸುಗೆ ಬಿಡುತ್ತದೆ. ಮರದ ಮೇಲೆ ಬೆಳೆದು ಅದರ ಸತ್ವ ಹೀರುವ ಗಿಡಕ್ಕೂ ಕನ್ನಡದಲ್ಲಿ ‘ಬಂದಳಿಕೆ’ ಅಂತಲೇ ಹೆಸರು! ಇನ್ನು ನಾವು ಬಳಸುವ ‘ಶಿಥಿಲ’ದ ಮೂಲ ಅರ್ಥವೂ ಸಡಿಲ ಅಂತಲೇ.

ಇಂಗ್ಲೆಂಡಿನಲ್ಲಿ ಈ ಪದ ಕಾನೂನಿಗೂ ಹೊಕ್ಕಿತು. ಚರ್ಚಿನ ಕಟ್ಟಡವನ್ನು ಪಾದ್ರಿ ರಿಪೇರಿ ಮಾಡಿಸದೆ ಬಿಟ್ಟರೆ ಅದು ‘ಡಿಲ್ಯಾಪಿಡೇಶನ್’. ಖರ್ಚು ಅವನ ತಲೆಗೆ. 1871ರಲ್ಲಿ ಇದಕ್ಕೊಂದು ಕಾಯ್ದೆಯೇ ಬಂತು. ಅಲ್ಲಿ ಇವತ್ತಿಗೂ ಬಾಡಿಗೆ ಕಟ್ಟಡ ಖಾಲಿ ಮಾಡುವಾಗ ಮಾಲೀಕರು ಕೇಳುವ ರಿಪೇರಿ ದುಡ್ಡಿಗೆ ಇದೇ ಹೆಸರು. ನಮ್ಮ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡ್ಕೊಳ್ತಾರಲ್ಲ, ಹಾಗೆ.

ಇತ್ತ ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದನ್ನು ಸರಿಪಡಿಸಲು ಅಂತಲೇ ಭೂಮಿ ಬಿಡುತ್ತಿದ್ದರು. ಗುಡಿ ಕಟ್ಟಿಸಿದರೆ ಸಾಲದು, ನಾಳೆ ಅದನ್ನು ನೋಡಿಕೊಳ್ಳುವವರಿಗೆ ಆದಾಯ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಆ ದತ್ತಿಗಳ ವ್ಯವಸ್ಥೆ ನಿಂತಾಗ ಕಲ್ಲುಗಳೂ ಸಡಿಲಾದವು.

ಈಗ ಈ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆ ಪ್ರಕಾರ ಇಂಥ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವೀಕೆಂಡ್‌ಗೆ ಹೋದರೆ ಫೋಟೋ ಎಷ್ಟು ಬೇಕಾದರೂ ತೆಗೀರಿ. ಕಂಬದ ಮೇಲೆ ಹೆಸರು ಕೆತ್ತಬೇಡಿ, ಬಿದ್ದ ಕಲ್ಲನ್ನು ಕದಲಿಸಬೇಡಿ. ಡಿಲ್ಯಾಪಿಡೇಟ್ ಅನ್ನೋ ಕ್ರಿಯಾಪದಕ್ಕೆ ನೀವು ಕರ್ತೃ ಆಗೋದು ಬೇಡ.