ಮೈಸೂರಿಗೆ ವಿಮಾನದಲ್ಲಿ ನಿಜವಾಗಿ ಎಷ್ಟು ಹೊತ್ತು?

ಮಂಗಳೂರು ಮತ್ತು ಮೈಸೂರು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 208 ಕಿಲೋಮೀಟರ್. ರಸ್ತೆಯಲ್ಲಾದರೆ ಮಡಿಕೇರಿಯ ಮೂಲಕ ಸುಮಾರು 250. ದೊಡ್ಡ ಜೆಟ್ ವಿಮಾನದ ವೇಗವಾದ ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿದರೆ ಕೇವಲ 16 ನಿಮಿಷ ಎಂಬ ಉತ್ತರ ಬರುತ್ತದೆ. ಬೆಳಿಗ್ಗೆ ಮೈಸೂರಿನಿಂದ ಬಂಧುವೊಬ್ಬರ ಮರಣದ ಸುದ್ದಿ ಬಂದು, ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ ಎಂದಾಗ ಇಂಥ ಲೆಕ್ಕವನ್ನು ನಂಬಿ ಹೊರಟರೆ ಸಮಾಧಿಯ ಬಳಿ ತಲಪುವಾಗ ಎಲ್ಲ ಮುಗಿದಿರಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುತ್ತಿದ್ದೇವೆ.

ಮೊದಲನೆಯದಾಗಿ, ಮೈಸೂರಿನ ಮಂಡಕಳ್ಳಿ ನಿಲ್ದಾಣದ ಓಡುದಾರಿಯ ಉದ್ದ 1740 ಮೀಟರ್ ಮಾತ್ರ. ದೊಡ್ಡ ಜೆಟ್‌ಗಳಿಗೆ ಅದು ಸಾಲದು. ಅಲ್ಲಿಗೆ ಹೋಗುವುದು ಎಟಿಆರ್‌ನಂಥ ಪಂಖದ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಆ ಲೆಕ್ಕದಲ್ಲೂ 25 ನಿಮಿಷವಷ್ಟೇ. ಆದರೆ 2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಈ ಮಾರ್ಗದಲ್ಲಿ ಸೇವೆ ಆರಂಭಿಸಿದಾಗ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಎಂದೇ ಇತ್ತು.

ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು? ವೇಳಾಪಟ್ಟಿಯ ಸಮಯವೆಂದರೆ ಬರೀ ಹಾರಾಟದ ಸಮಯವಲ್ಲ. ನಿಂತಲ್ಲಿಂದ ವಿಮಾನ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಸಮಯ ಅದು. ಓಡುದಾರಿಯವರೆಗೆ ಸಾಗುವುದು, ಅನುಮತಿಗಾಗಿ ಕಾಯುವುದು ಎಲ್ಲವೂ ಅದರೊಳಗೆ ಸೇರಿದೆ. ಮೇಲಾಗಿ, ನೇರ ಗೆರೆ ಪುಷ್ಪಗಿರಿಯ ಪಕ್ಕದಲ್ಲೇ ಹಾಯುತ್ತದೆ. ಆ ಬೆಟ್ಟದ ಎತ್ತರ 1712 ಮೀಟರ್. ಸಮುದ್ರಮಟ್ಟದಿಂದ ನೂರು ಮೀಟರಿನಷ್ಟೇ ಎತ್ತರದ ಬಜ್ಪೆಯಿಂದ ಎದ್ದ ವಿಮಾನ ಘಟ್ಟವನ್ನು ಸಾಕಷ್ಟು ಮೇಲಿನಿಂದ ದಾಟಬೇಕು. ದಾಟಿ ಸ್ವಲ್ಪ ಹೊತ್ತಿಗೆಲ್ಲ ಇಳಿಯಲು ಆರಂಭಿಸಬೇಕು. ಹೀಗಾಗಿ ಪೂರ್ಣ ವೇಗದಲ್ಲಿ ಹಾರುವ ಭಾಗವೇ ಚಿಕ್ಕದು. ಬಸ್ಸಿಗೂ ಹೀಗೆಯೇ ಅಲ್ಲವೇ, ಹತ್ತಿರ ಹತ್ತಿರ ನಿಲ್ದಾಣಗಳಿದ್ದರೆ ವೇಗ ಸಿಗುವುದಿಲ್ಲ.

ಗಾಳಿಯದ್ದು ಇನ್ನೊಂದು ಕಥೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತವೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ನಾವು ಹೋಗುವುದೂ ಪಶ್ಚಿಮದಿಂದಲೇ. ಹಾಗಾಗಿ ವಿಮಾನ ಮೈಸೂರನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕಾಗುತ್ತದೆ. ಹಿಂದಿರುಗುವಾಗ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದಿದ್ದರೆ ಆಕಾಶದಲ್ಲೇ ಸುತ್ತಬೇಕು. ಒಮ್ಮೊಮ್ಮೆ ಬೆಂಗಳೂರಿಗೋ ಕಣ್ಣೂರಿಗೋ ಹೋಗಿ ಇಳಿಯುವುದೂ ಉಂಟು.

ನೆಲದ ಮೇಲಿನ ಸಮಯವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂಟ್ವಾಳದ ಕುಟುಂಬವೊಂದು ಬಜ್ಪೆಗೆ ಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಚೆಕ್-ಇನ್ ಕೌಂಟರ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂಚೆಯೇ ಮುಚ್ಚುವುದರಿಂದ ಎರಡು ಗಂಟೆ ಮೊದಲೇ ಅಲ್ಲಿರುವುದು ಕ್ಷೇಮ. ಹಾರಾಟಕ್ಕೆ ಒಂದು ಗಂಟೆ; ಮಂಡಕಳ್ಳಿಯಿಂದ ಮೈಸೂರು ಪೇಟೆಗೆ ಹತ್ತು ಕಿಲೋಮೀಟರ್. ಒಟ್ಟು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಕಾರಿನಲ್ಲಿ ಹೊರಟರೂ ಐದಾರು ಗಂಟೆಯಲ್ಲಿ ತಲಪಬಹುದು, ಮತ್ತು ಕಾರು ವಿಮಾನದ ವೇಳೆಗೆ ಕಾಯುವುದಿಲ್ಲ. ವಿಮಾನದ ಬೆಲೆ ತಿಳಿಯುವುದು ಘಟ್ಟ ಮುಚ್ಚಿದಾಗ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಬಳಿ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಬಂದ್ ಆಗಿತ್ತು.

ಅಂತರದ ಲೆಕ್ಕ ತೋರಿಸಿದ ಮಾತ್ರಕ್ಕೆ ಆ ಮಾರ್ಗದಲ್ಲಿ ವಿಮಾನ ಇದೆ ಎಂದು ಅರ್ಥವಲ್ಲ. ಸಣ್ಣ ಊರುಗಳ ಸೇವೆಗಳು ಆರಂಭವಾದಷ್ಟೇ ಬೇಗ ನಿಲ್ಲುತ್ತವೆ. ಇದ್ದರೂ ವಾರದ ಎಲ್ಲ ದಿನ ಇರುವುದಿಲ್ಲ. ಪ್ರಯಾಣದ ದಿನ ಹೇಳಿ ವಿಮಾನ ಸಂಸ್ಥೆಯಲ್ಲೋ ಟ್ರಾವೆಲ್ ಏಜೆಂಟರಲ್ಲೋ ವಿಚಾರಿಸಿ, ಆಮೇಲೆ ಮೈಸೂರಿನ ಮನೆಯವರಿಗೆ ಬರುವ ಸಮಯ ತಿಳಿಸಿರಿ.